ಮೇನ್ ಸ್ವಿಚ್ಚು ಗೋಡೆಯಾಚೆ

ನಮ್ಮ ಕಡೆ ಮನೆಯಲ್ಲಿ ಕರೆಂಟಿನ ಕೆಲಸ ಬಂದರೆ ಯಾರೂ ಮೇನ್ ಸ್ವಿಚ್ಚು ಆಫ್ ಮಾಡುವುದಿಲ್ಲ. ಕರೆಂಟ್ ಹೋಗುವುದನ್ನು ಕಾಯುತ್ತಾರೆ. ಮಳೆಗಾಲದಲ್ಲಿ ಉತ್ತರ ಕೊಡಗಿನ ಯಾವ ಊರಿಗೆ ಬೇಕಾದರೂ ಬಂದು ನೋಡಿ. ತೋಟದ ಒಂದು ಸಿಲ್ವರ್ ಓಕ್ ಮರ ತಂತಿಯ ಮೇಲೆ ಒರಗಿತು ಎಂದು ಸುದ್ದಿಯಾದರೆ ಸಾಕು, ಮನೆಮನೆಯಲ್ಲೂ ಸ್ಕ್ರೂಡ್ರೈವರ್ ಹೊರಗೆ ಬರುತ್ತದೆ. ಒಬ್ಬರು ಬಲ್ಬಿನ ಹೋಲ್ಡರ್ ಬದಲಾಯಿಸುತ್ತಾರೆ, ಇನ್ನೊಬ್ಬರು ಫ್ಯಾನಿನ ರೆಗ್ಯುಲೇಟರ್ ಬಿಚ್ಚುತ್ತಾರೆ. ಹೋದ ಕರೆಂಟು ವಾಪಸ್ ಬರುತ್ತದೆ ಎಂಬ ಯೋಚನೆ ಯಾರ ತಲೆಗೂ ಹತ್ತುವುದಿಲ್ಲ. ನಾನು ಶಾಲೆಯಲ್ಲಿ ಏಳನೇ ತರಗತಿಗೆ ವಿಜ್ಞಾನ ಕಲಿಸುವವಳು. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬಾರದು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇನೆ. ಮನೆಗೆ ಬಂದರೆ ನನ್ನ ಪಾಠವನ್ನು ಕೇಳುವವರಿಲ್ಲ.

ನಮ್ಮ ಮನೆಯಲ್ಲಿ ಈ ಕಾಯುವ ಪದ್ಧತಿಗೆ ಇನ್ನೂ ಒಂದು ಕಾರಣವಿತ್ತು. ನನ್ನ ಗಂಡ ಮತ್ತು ಅವರ ಅಣ್ಣ ಪಾಲಾದಾಗ ಮನೆಯ ನಡುವೆ ಒಂದು ಗೋಡೆ ಎದ್ದಿತು. ಅಡುಗೆಮನೆ, ಒಂದು ಕೋಣೆ, ಹಿಂದಿನ ಹಜಾರ ನಮಗೆ ಬಂದವು. ಮುಂದಿನ ಜಗಲಿ, ಅಂಗಳ, ಎರಡು ಕೋಣೆ ಭಾವನವರಿಗೆ ಹೋದವು. ಮೀಟರ್ ಇದ್ದದ್ದು ಮುಂದಿನ ಜಗಲಿಯಲ್ಲಿ, ಅದರ ಪಕ್ಕದಲ್ಲೇ ಇಡೀ ಮನೆಯ ಮೇನ್ ಸ್ವಿಚ್ಚು. ಪಾಲು ಮಾಡಿಸಲು ಬಂದ ಹಿರಿಯರು ಎದ್ದು ಹೋಗುವಾಗ ಭಾವ ಒಂದು ಮಾತು ಹೇಳಿದರು: ‘ಮೀಟರ್ ನನ್ ಕಡೆ ಇರ್ಲಿ. ಬೇಕಾದಾಗ ಕೇಳು, ಆಫ್ ಮಾಡಿಕೊಡ್ತೀನಿ.’

ಇದರಲ್ಲಿ ತಪ್ಪೇನಿದೆ ಎಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮವರಿಗೆ ಮಾತ್ರ ಆ ‘ಕೇಳು’ ಎಂಬ ಮಾತು ಮುಳ್ಳಿನ ಹಾಗೆ ಚುಚ್ಚಿಕೊಂಡಿತು. ‘ನಮ್ಮಪ್ಪನ ಮನೇಲಿ ದೀಪ ಆರಿಸೋಕೆ ನಾನು ಅವನ ಹತ್ರ ಕೇಳ್ಬೇಕಂತೆ’ ಎಂದು ಆ ರಾತ್ರಿ ಊಟ ಬಿಟ್ಟರು. ಬೇರೆ ಮೀಟರ್ ಹಾಕಿಸಿಕೊಳ್ಳೋಣ ಎಂದೆ. ಅದಕ್ಕೆ ಅಣ್ಣನ ಸಹಿ ಬೇಕಿತ್ತು. ಸಹಿ ಬೇಕಾದರೆ ಕೇಳಬೇಕಿತ್ತು. ಅಲ್ಲಿಗೆ ಮಾತು ಮುಗಿಯಿತು.

ಅಂದಿನಿಂದ ಅಣ್ಣತಮ್ಮಂದಿರ ನಡುವೆ ಮಾತಿಲ್ಲ. ಗೋಡೆ ಒಂದೇ ಇಟ್ಟಿಗೆಯ ದಪ್ಪದ್ದು. ಆ ಕಡೆ ಒಗ್ಗರಣೆ ಹಾಕಿದರೆ ಈ ಕಡೆ ಸೀನು ಬರುತ್ತದೆ. ಭಾವ ಕೆಮ್ಮಿದರೆ ನಮ್ಮವರು ರೇಡಿಯೋ ಜೋರು ಮಾಡುತ್ತಾರೆ. ನಾನು ಮತ್ತು ಅಕ್ಕ, ಅಂದರೆ ಭಾವನ ಹೆಂಡತಿ, ಹಿತ್ತಿಲಲ್ಲಿ ಕಂಡಾಗ ಎರಡು ಮಾತಾಡಿದರೂ ಸಂಜೆಯವರೆಗೆ ನಮ್ಮವರ ಮುಖ ಗಂಟು.

ನಮ್ಮ ಅಡುಗೆಮನೆಯಲ್ಲಿದ್ದದ್ದು ಒಂದೇ ಮೂರು ತೂತಿನ ಸಾಕೆಟ್. ಗ್ರೈಂಡರ್, ಮಿಕ್ಸಿ ಎಲ್ಲಕ್ಕೂ ಅದೇ ಗತಿ. ಹೋದ ಮಳೆಗಾಲದ ಹೊತ್ತಿಗೆ ಅದರ ಬಲಗಡೆಯ ತೂತು ಕಪ್ಪಗಾಗಿತ್ತು. ಪ್ಲಗ್ ಹಾಕಿದರೆ ಚಿಟಿಚಿಟಿ ಸದ್ದು, ಸುಟ್ಟ ವಾಸನೆ. ನಾನು ಹೇಳಿದೆ, ಗೋಗರೆದೆ, ಕೊನೆಗೆ ಜಗಳವಾಡಿದೆ. ‘ನೀವು ಹೋಗದಿದ್ರೆ ನಾನೇ ಹೋಗಿ ಭಾವನ ಹತ್ರ ಹೇಳ್ತೀನಿ’ ಎಂದೆ.

‘ಹೋಗು. ನನ್ ಹೆಣ ದಾಟ್ಕೊಂಡು ಹೋಗು’ ಎಂದರು.

ಗಂಡಸರಿಗೆ ಈ ಮಾತು ಎಷ್ಟು ಸಲೀಸು. ಹೆಣ ಹೊರುವವರು ಬೇರೆಯವರು ತಾನೆ.

ನಮ್ಮವರ ಕೈಯ ಬಗ್ಗೆ ಇಲ್ಲಿ ಹೇಳಬೇಕು. ಕಾಫಿ ಗಿಡ ಕಸಿ ಮಾಡುವುದರಲ್ಲಿ, ಅಂದರೆ ಬೇಡದ ರೆಂಬೆ ಸವರುವುದರಲ್ಲಿ, ಅವರದು ಎತ್ತಿದ ಕೈ. ಯಾವ ರೆಕ್ಕೆ ಉಳಿಯಬೇಕು, ಯಾವುದು ಹೋಗಬೇಕು ಎಂದು ಅವರ ಕತ್ತರಿ ಯೋಚಿಸುತ್ತಿರಲಿಲ್ಲ, ಕತ್ತರಿಸುತ್ತಿತ್ತು. ಸುತ್ತಲಿನ ಎಸ್ಟೇಟಿನಲ್ಲಿ ಕೆಲಸ ನೋಡಿಕೊಳ್ಳುವ ರೈಟರುಗಳು ಹೊಸ ಆಳುಗಳಿಗೆ ತೋರಿಸಿಕೊಡಲು ಇವರನ್ನು ಕರೆಸುತ್ತಿದ್ದರು. ನಮ್ಮ ತೋಟ ಸಣ್ಣದು. ಆದರೆ ಕಸಿಯ ಕಾಲದಲ್ಲಿ ನಮ್ಮವರು ತಲೆಯೆತ್ತಿ ನಡೆಯುತ್ತಿದ್ದದ್ದು ಆ ಬಲಗೈಯ ದೆಸೆಯಿಂದ.

ಆ ಸಲ ಮಳೆ ಜೋರಾಗಿ ಹಿಡಿದರೂ ಕರೆಂಟ್ ಹೋಗಲಿಲ್ಲ. ಬೇರೆ ವರ್ಷ ದಿನಗಟ್ಟಲೆ ಕತ್ತಲಲ್ಲಿ ಕೂರಿಸುವ ಲೈನು, ಇವರು ಹೊಸ ಸಾಕೆಟ್ ತಂದು ಕಪಾಟಿನ ಮೇಲಿಟ್ಟ ಮೇಲೆ ಗಟ್ಟಿಯಾಗಿ ನಿಂತಿತು. ದಿನಾ ಬೆಳಗ್ಗೆ ಎದ್ದು ಬಲ್ಬು ನೋಡುವರು, ಉರಿಯುತ್ತಿದ್ದರೆ ಬೈಯುವರು. ಕೊನೆಗೆ ಒಂದು ಮಧ್ಯಾಹ್ನ ಗಾಳಿ ಬೀಸಿ ಕರೆಂಟ್ ಹೋಯಿತು. ನಮ್ಮವರು ಕೊಡೆ ಹಿಡಿದು ಟೀ ಅಂಗಡಿಗೆ ಹೋಗಿ ಬಂದರು. ಯಾರೋ ಹೇಳಿದ್ದರಂತೆ: ಶನಿವಾರಸಂತೆ ರಸ್ತೇಲಿ ಮರ ಬಿದ್ದದೆ, ಇವತ್ತಂತೂ ಬರಾಕಿಲ್ಲ.

ಅಷ್ಟು ಸಾಕಾಯಿತು. ಸ್ಟೂಲು ಎಳೆದುಕೊಂಡು ಕೂತರು. ನಾನು ತಡೆದೆ. ‘ಬಂದ್ಬಿಟ್ರೆ?’

ಅವರು ನಕ್ಕರು. ಅಡುಗೆಮನೆಯ ಬಲ್ಬಿನ ಸ್ವಿಚ್ಚನ್ನು ಆನ್ ಮಾಡಿ ಇಟ್ಟರು. ‘ನೋಡು, ಅದಕ್ಕೆ ಈ ಬಲ್ಬು. ಕರೆಂಟ್ ಬಂದ್ರೆ ಇದು ಹತ್ತುತ್ತೆ. ಹತ್ತಿದ ತಕ್ಷಣ ಕೈ ತೆಗೀತೀನಿ. ನೀನು ಬಲ್ಬು ನೋಡ್ತಾ ನಿಂತ್ಕೋ, ಮೇಡಂ.’

ಈ ಬಲ್ಬಿನ ಉಪಾಯವೂ ನಮ್ಮ ಊರಿನದೇ. ಎಲ್ಲರೂ ಮಾಡುವುದು ಹೀಗೆಯೇ. ಬಲ್ಬಿಗೆ ಬರುವ ಕರೆಂಟು ಕೈಗೂ ಅದೇ ಕ್ಷಣಕ್ಕೆ ಬರುತ್ತದೆ, ತೆಗೆಯಬೇಕೆಂದರೂ ಕೈ ನಿಮ್ಮ ಮಾತು ಕೇಳುವುದಿಲ್ಲ, ಮುಷ್ಟಿ ತಾನಾಗಿಯೇ ಬಿಗಿಯುತ್ತದೆ ಎಂದು ನಾನು ಹೇಳಿದೆ. ಕಿವಿಗೆ ಹಾಕಿಕೊಳ್ಳಲಿಲ್ಲ. ಹಳೆಯ ಸಾಕೆಟ್ಟನ್ನು ಬಿಚ್ಚಿ ಹೊರಗೆಳೆದು, ಎರಡು ತಂತಿಗಳನ್ನು ಬರಿಗೈಯಲ್ಲಿ ಹಿಡಿದು ಸುಟ್ಟ ತುದಿಯನ್ನು ಉಜ್ಜುತ್ತಿದ್ದರು.

ಬಲ್ಬು ಹತ್ತಿತು.

ಅವರ ಬಾಯಿಂದ ಬಂದ ಸದ್ದನ್ನು ಬರೆಯಲಾರೆ. ನಾನು ಅವರನ್ನು ಮುಟ್ಟಲಿಲ್ಲ. ಮುಟ್ಟಬಾರದು ಎಂದು ಗೊತ್ತಿದ್ದದ್ದರಿಂದ ಈ ಮಾತು ಬರೆಯಲು ಇವತ್ತು ನಾನು ಇದ್ದೇನೆ. ಗೋಡೆಗೆ ಮುಖ ಮಾಡಿ ಕಿರುಚಿದೆ: ‘ಭಾವಾ, ಮೇನ್ ಆಫ್ ಮಾಡಿ!’ ಆ ಕಡೆ ಏನೋ ಬಿದ್ದ ಸದ್ದು, ಓಡಿದ ಸದ್ದು. ಬಲ್ಬು ಆರಿತು. ನಮ್ಮವರು ಸ್ಟೂಲಿನ ಜೊತೆಗೇ ಉರುಳಿದರು.

ಅಷ್ಟೇ ಬೇಕಾಗಿದ್ದದ್ದು. ಒಂದು ಸಲ ಕೂಗಿದ್ದಕ್ಕೆ ಆಗಿಹೋಯಿತು.

ಉಸಿರಿತ್ತು, ಪ್ರಜ್ಞೆಯೂ ಇತ್ತು. ಬಲ ಅಂಗೈ ಮತ್ತು ಬೆರಳುಗಳ ಒಳಭಾಗ ಸುಟ್ಟು ಬಿಳುಚಿಕೊಂಡಿತ್ತು. ಟವೆಲ್ಲಿನಲ್ಲಿ ಕೈ ಸುತ್ತಿ ಹಿಂದಿನ ಮೆಟ್ಟಿಲ ಮೇಲೆ ಕೂರಿಸಿದೆ. ಅಷ್ಟರಲ್ಲಿ ಭಾವ ಜೀಪು ತಂದು ನಿಲ್ಲಿಸಿದ್ದರು. ಮಳೆಯಲ್ಲಿ ಇಳಿದು, ಬಾಗಿಲು ತೆಗೆದು ನಿಂತರು. ನಮ್ಮವರು ಜೀಪಿನ ಕಡೆ ನೋಡಲೂ ಇಲ್ಲ. ನನ್ನ ಕಡೆ ತಿರುಗಿ ‘ಆಟೋ ಕರಿ’ ಎಂದರು.

ಸುಟ್ಟ ಕೈಯ ಮನುಷ್ಯ, ಬಾಗಿಲು ತೆಗೆದು ನಿಂತ ಜೀಪು, ಸುರಿವ ಮಳೆ. ಆಟೋ ಬರುವವರೆಗೆ ಮೂವರೂ ಹಾಗೆಯೇ ಇದ್ದೆವು. ನನಗೆ ಆಗ ಇಬ್ಬರ ಕೆನ್ನೆಗೂ ಬಾರಿಸಬೇಕು ಅನ್ನಿಸಿತ್ತು. ಒಬ್ಬರು ಕೇಳುವುದಿಲ್ಲ, ಇನ್ನೊಬ್ಬರು ‘ಹತ್ತೋ’ ಎಂದು ಬಾಯಿಬಿಟ್ಟು ಹೇಳುವುದಿಲ್ಲ. ಒಂದೇ ತಾಯಿಯ ಹಾಲು ಕುಡಿದದ್ದು ಹೀಗೆ ಗೊತ್ತಾಗಬೇಕೆ?

ಮಡಿಕೇರಿಯ ಆಸ್ಪತ್ರೆಯಲ್ಲಿ ಮಲಗಿದ್ದಾಗ ನಾನು ಹೇಳಿದೆ, ‘ನಿಮ್ಮಣ್ಣ ಆಫ್ ಮಾಡದೆ ಇದ್ದಿದ್ರೆ ನೀವು ಇರ್ತಿರಲಿಲ್ಲ.’

‘ನಾನೇನೂ ಆಫ್ ಮಾಡು ಅಂತ ಕೇಳಿರಲಿಲ್ಲ’ ಎಂದರು. ಬ್ಯಾಂಡೇಜು ಸುತ್ತಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು, ಗೆದ್ದವರ ಹಾಗೆ.

ಗಾಯ ಮಾಗಿತು. ಮಾಗುತ್ತಾ ಚರ್ಮ ಬಿಗಿಯಿತು, ಬೆರಳುಗಳು ಒಳಕ್ಕೆ ಮಡಚಿಕೊಂಡವು. ಫಿಸಿಯೋಥೆರಪಿಯ ಹುಡುಗಿ ವಿರಾಜಪೇಟೆ ಕಡೆಯವಳು, ಮನೆಯಲ್ಲಿ ಕೊಡವ ಮಾತಾಡುವವಳು, ನಮಗಾಗಿ ಕನ್ನಡವನ್ನು ಬಿಡಿಬಿಡಿಯಾಗಿ ಆಡುತ್ತಿದ್ದಳು. ದಿನವೂ ಬಿಸಿ ಮೇಣದಲ್ಲಿ ಕೈ ಅದ್ದಿ ತೆಗೆಯಬೇಕು, ಮೇಣದ ಶಾಖಕ್ಕೆ ಚರ್ಮ ಮೆತ್ತಗಾದಾಗ ಒಂದೊಂದೇ ಬೆರಳನ್ನು ಬಿಡಿಸಬೇಕು ಎಂದು ಮಾಡಿ ತೋರಿಸಿದಳು. ಮೇಣ ಕರಗಿಸಲು ಕರೆಂಟಿನ ಒಂದು ಪೆಟ್ಟಿಗೆ ಕೊಡಿಸಿದಳು. ‘ಗ್ಯಾಸ್ ಮೇಲೆ ಮಾತ್ರ ಇಡ್ಬೇಡಿ ಆಂಟಿ, ಬೆಂಕಿ ಹಿಡಿತದೆ. ಇದು ಮೂರು ಪಿನ್ನು, ಅರ್ತ್ ಇರೋ ಸಾಕೆಟ್ಟಿಗೇ ಹಾಕ್ಬೇಕು, ಆಯ್ತಾ? ಈ ಕಾಫಿ ಹಣ್ಣಾಗೋ ತನಕ ಟೈಮ್ ಉಂಟು. ಅಷ್ಟರೊಳಗೆ ಬಿಡಿಸ್ಲಿಲ್ಲಾಂದ್ರೆ ಆಮೇಲೆ ಬೆರಳು ಹೀಗೇ.’ ತನ್ನ ಬೆರಳುಗಳನ್ನು ಕೊಕ್ಕೆಯ ಹಾಗೆ ಮಡಚಿ ತೋರಿಸಿದಳು.

ಪೆಟ್ಟಿಗೆ ಮನೆಗೆ ಬಂತು. ಹಜಾರದ ಸಾಕೆಟ್ ಬರೀ ಎರಡು ತೂತಿನದು, ಇದನ್ನು ಹಾಕಲು ಬೇರೆ ಸಾಕೆಟ್ ಇರಲಿಲ್ಲ. ಗೋಡೆಯ ತೂತಿನಿಂದ ತಂತಿಗಳು ಇಣುಕುತ್ತಿದ್ದವು. ಅವುಗಳ ತುದಿಗೆ ಟೇಪು ಸುತ್ತಿ, ತೂತಿಗೆ ರಟ್ಟು ಮುಚ್ಚಿ ಇಟ್ಟಿದ್ದೆವು. ಸಂತೆಯೂರಿನಿಂದ ಒಬ್ಬ ಎಲೆಕ್ಟ್ರಿಷಿಯನ್ನನ್ನು ಕರೆಸಿದೆ. ಅವನು ನೋಡಿ, ಮೇನ್ ಎಲ್ಲಿದೆ ಎಂದು ಕೇಳಿದ. ನಾನು ಬಾಯಿ ತೆರೆಯುವುದರೊಳಗೆ ನಮ್ಮವರು, ‘ಅದು ಆ ಕಡೆ. ನೀನು ಕರೆಂಟ್ ಹೋದಾಗ ಬಾ’ ಎಂದರು.

ಅವನು ಮಡಚಿಕೊಂಡ ಆ ಕೈ ನೋಡಿದ. ‘ನಂಗೂ ಹೆಂಡ್ತಿ ಮಕ್ಳು ಅವ್ರೆ ಸಾಮಿ’ ಎಂದು ಚೀಲ ಹೆಗಲಿಗೇರಿಸಿಕೊಂಡು ಹೋದವನು ಮತ್ತೆ ಫೋನ್ ಎತ್ತಲಿಲ್ಲ.

ಮೇಣದ ಪೆಟ್ಟಿಗೆ ಕಪಾಟಿನ ಮೇಲೆ ಕೂತಿತು. ಗಿಡದಲ್ಲಿ ಕಾಯಿ ದಪ್ಪವಾಗುತ್ತಿತ್ತು. ಅಂಗಿಯ ಗುಂಡಿಯನ್ನು ನಾನು ಹಾಕಿಕೊಡಬೇಕಿತ್ತು. ಎಡಗೈಯಲ್ಲಿ ಊಟ ಮಾಡಲು ನಾಚಿ, ಯಾರಾದರೂ ಬಂದರೆ ಹಸಿವಿಲ್ಲ ಎನ್ನುತ್ತಿದ್ದರು. ನನಗೆ ಕರುಣೆ ಬರುತ್ತಿತ್ತು, ಮರುಗಳಿಗೆ ಸಿಟ್ಟು ಬರುತ್ತಿತ್ತು. ಕೊನೆಗೆ ಸಿಟ್ಟೇ ಗೆದ್ದಿತು. ನಾನೇ ಹಾಕುತ್ತೇನೆ ಎಂದುಕೊಂಡೆ.

ಶನಿವಾರ ನಮಗೆ ಬೆಳಗಿನ ಶಾಲೆ. ನಮ್ಮವರು ಸಂತೆಗೆ ಹೋಗುವ ದಿನವೂ ಅದೇ. ಮನೆಗೆ ಬಂದವಳು ಮೊದಲು ಟೆಸ್ಟರನ್ನು ಹಜಾರದ ಸಾಕೆಟ್ಟಿಗೆ ಹಿಡಿದು ನೋಡಿದೆ. ಹತ್ತಿತು. ಟೆಸ್ಟರ್ ಸರಿಯಿದೆ. ಕೆಟ್ಟ ಟೆಸ್ಟರನ್ನು ನಂಬಿ ತಂತಿ ಮುಟ್ಟುವುದೂ ಬಲ್ಬು ನೋಡುತ್ತಾ ನಿಲ್ಲುವುದೂ ಒಂದೇ. ಆಮೇಲೆ ಸೆರಗು ಸಿಕ್ಕಿಸಿಕೊಂಡು, ಹಿತ್ತಿಲಿನಿಂದ ಸುತ್ತಿಕೊಂಡು, ಆ ಗೋಡೆ ಎದ್ದ ಮೇಲೆ ಮೊದಲ ಬಾರಿಗೆ ಮುಂದಿನ ಅಂಗಳಕ್ಕೆ ಕಾಲಿಟ್ಟೆ.

ಭಾವ ಜಗಲಿಯಲ್ಲಿ ಕೂತು ಕಳೆ ಕೊಚ್ಚುವ ಮೆಷಿನ್ನು ಬಿಚ್ಚಿಕೊಂಡಿದ್ದರು.

‘ಭಾವ, ಮೇನ್ ಆಫ್ ಮಾಡಿ. ಸಾಕೆಟ್ ಹಾಕ್ಬೇಕು’ ಎಂದೆ.

ಅವರು ಎದ್ದರು. ಗ್ರೀಸಿನ ಕೈಯನ್ನು ಲುಂಗಿಗೆ ಒರೆಸಿಕೊಂಡರು. ಮೇನ್ ಕೆಳಗಿಳಿಸಿದರು. ಅಷ್ಟಕ್ಕೇ ಬಿಡದೆ ಫ್ಯೂಸನ್ನೂ ಕಿತ್ತು ನನ್ನ ಕೈಗಿಟ್ಟರು. ‘ಇದು ನಿನ್ ಹತ್ರ ಇರ್ಲಿ. ನಿನ್ ಕೈಲಿರೋ ತನಕ ಯಾರ್ ಬಂದ್ರೂ ಆನ್ ಮಾಡಾಕಾಗಲ್ಲ.’ ಹೊರಟವಳನ್ನು ನೋಡಿ, ‘ಒಂದು ಮಾತು ಕೇಳಿದ್ರೆ ಸಾಕಾಗಿತ್ತು ಅವನು’ ಎಂದರು.

‘ನೀವೂ ಒಂದು ಮಾತು ಹೇಳಬಹುದಿತ್ತು. ಸುಟ್ಟ ವಾಸನೆ ಗೋಡೆ ದಾಟಿ ನಿಮಗೂ ಬರ್ತಿತ್ತಲ್ಲ?’

ಅವರು ಮೆಷಿನ್ನಿನ ಬ್ಲೇಡಿನ ಕಡೆ ನೋಡಿದರು. ಅಕ್ಕ ಬಾಗಿಲಲ್ಲಿ ನಿಂತಿದ್ದವರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನನಗೆ ಇನ್ನೂ ಎರಡು ಮಾತು ಹೇಳುವುದಿತ್ತು, ಕೆಲಸ ಮುಖ್ಯವಾಗಿತ್ತು.

ಫ್ಯೂಸನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಳಗೆ ಬಂದೆ. ಹಜಾರದ ಸಾಕೆಟ್ಟಿಗೆ ಟೆಸ್ಟರ್ ಇಟ್ಟೆ, ಹತ್ತಲಿಲ್ಲ. ಅಡುಗೆಮನೆಯ ತೂತಿನ ರಟ್ಟು ತೆಗೆದು, ತುದಿಯ ಟೇಪು ಬಿಚ್ಚಿ ಒಂದೊಂದು ತಂತಿಗೂ ಇಟ್ಟೆ, ಹತ್ತಲಿಲ್ಲ. ಆದರೂ ಮೊದಲ ಸಲ ಬೆರಳಿನ ಹಿಂಭಾಗವನ್ನಷ್ಟೇ ತಾಗಿಸಿ ನೋಡಿದೆ. ಕಾಲಿಗೆ ರಬ್ಬರ್ ಚಪ್ಪಲಿ, ಕೆಳಗೆ ಒಣ ಹಲಗೆ. ಕೆಂಪು ತಂತಿಯ ಸುಟ್ಟ ತುದಿಯನ್ನು ಒಳ್ಳೆಯ ತಾಮ್ರ ಕಾಣುವವರೆಗೆ ಕತ್ತರಿಸಿ, ಸಿಪ್ಪೆ ಸುಲಿದು, ಎಳೆಗಳನ್ನು ಹೊಸೆದೆ. ಕಪ್ಪನ್ನೂ ಹಾಗೆಯೇ ಮಾಡಿದೆ. ಹಸಿರು ತಂತಿ ಮಾತ್ರ ಕಾಣಲಿಲ್ಲ.

ಹಸಿರು ಎಂದರೆ ಅರ್ತ್. ಪೆಟ್ಟಿಗೆಯ ಮೈಗೆ ಕರೆಂಟ್ ಸೋರಿದರೆ ಅದನ್ನು ನಮ್ಮ ಕೈಗೆ ಬಿಡದೆ ನೆಲಕ್ಕೆ ಸಾಗಿಸುವ ತಂತಿ. ಇಲಿ ಕಡಿದಿರಬೇಕು ಎಂದುಕೊಂಡು ಟಾರ್ಚು ಬಿಟ್ಟು ನೋಡಿದೆ. ತಂತಿ ಅಲ್ಲೇ ಒಳಗಿತ್ತು, ಹಿಂದಕ್ಕೆ ಮಡಚಿ ತುದಿಗೆ ಅಚ್ಚುಕಟ್ಟಾಗಿ ಟೇಪು ಸುತ್ತಲಾಗಿತ್ತು. ಆ ಟೇಪಿನ ಸುತ್ತು ನನಗೆ ಗೊತ್ತು. ಕಸಿ ಕತ್ತರಿಯ ಹಿಡಿಗೆ ನಮ್ಮವರು ಸುತ್ತುವ ಸುತ್ತು ಅದೇ. ಆ ತಂತಿ ಹೋಗಿ ಸೇರುವ ಅರ್ತಿನ ಗುಂಡಿ ಇರುವುದು ಭಾವನ ಅಂಗಳದಲ್ಲಿ, ಮಣ್ಣು ಒಣಗದಿರಲೆಂದು ಬೇಸಿಗೆಯಲ್ಲಿ ಅದಕ್ಕೆ ನೀರು ಹೊಯ್ಯುವವರೂ ಭಾವನೇ. ಗೋಡೆ ಎದ್ದ ವಾರ ನಮ್ಮವರು ಈ ಸಾಕೆಟ್ಟನ್ನು ಒಮ್ಮೆ ಬಿಚ್ಚಿ ಮುಚ್ಚಿದ್ದು ಆಗ ನೆನಪಿಗೆ ಬಂತು. ಆ ಕಡೆಯ ಉಪಕಾರ ಈ ಕಡೆಗೆ ಬರಬಾರದು ಎಂದು, ನಾನು ದಿನಾ ಒದ್ದೆ ಕೈಯಲ್ಲಿ ಗ್ರೈಂಡರ್ ಮುಟ್ಟುವ ಜಾಗದಲ್ಲಿ, ಆ ತಂತಿಯನ್ನು ಬಿಡಿಸಿ ಇಟ್ಟಿದ್ದರು.

ನೆಲದ ಮೇಲೆ ಕೂತುಬಿಟ್ಟೆ. ಇಷ್ಟು ವರ್ಷ ಅವರು ಹಟಮಾರಿ, ಆದರೆ ಅವರ ಹಟ ಅವರಿಗೇ ಎಂದು ತಿಳಿದಿದ್ದೆ. ಅದರಲ್ಲಿ ನನ್ನ ಜೀವವನ್ನೂ ಸೇರಿಸಿ ಇಟ್ಟಿದ್ದಾರೆ ಎಂದು ತಿಳಿದಿರಲಿಲ್ಲ. ನನ್ನನ್ನು ಕೊಲ್ಲಬೇಕೆಂದಿರಲಿಲ್ಲ, ಗೊತ್ತು. ನಾನು ಅವರ ಲೆಕ್ಕಕ್ಕೇ ಬಂದಿರಲಿಲ್ಲ. ಅದು ಹೆಚ್ಚು ನೋಯಿಸಿತು.

ಅತ್ತು ಮುಗಿಸಿ ಎದ್ದೆ. ಹಸಿರು ತಂತಿಯನ್ನು ಎಳೆದು ಹೊರತೆಗೆದು, ಟೇಪು ಕಿತ್ತು, ಮೇಲಿನ ದೊಡ್ಡ ತೂತಿನ ಸ್ಕ್ರೂವಿಗೆ ಮೊದಲು ಅದನ್ನೇ ಬಿಗಿದೆ. ಆಮೇಲೆ ಕೆಂಪು, ಆಮೇಲೆ ಕಪ್ಪು. ಎದುರಿನಿಂದ ಬಲಕ್ಕಿರುವುದು ಹಿಂದಿನಿಂದ ನೋಡಿದರೆ ಎಡಕ್ಕಿರುತ್ತದೆ, ಅದನ್ನು ಎರಡೆರಡು ಸಲ ನೋಡಿಕೊಂಡೆ. ಒಂದೊಂದು ತಂತಿಯನ್ನೂ ಹಿಡಿದು ಎಳೆದೆ, ಅಲುಗಲಿಲ್ಲ. ತಾಮ್ರದ ಒಂದು ಎಳೆಯೂ ಹೊರಗೆ ಉಳಿಯದ ಹಾಗೆ ಗೋಡೆಯ ತೂತಿನೊಳಗೆ ಮಡಚಿ, ಮುಚ್ಚಳ ಕೂರಿಸಿ ಸ್ಕ್ರೂ ತಿರುಗಿಸಿದೆ. ಫ್ಯೂಸನ್ನು ಭಾವನಿಗೆ ಕೊಟ್ಟು, ಮೇನ್ ಆನ್ ಮಾಡಿಸಿ ಬಂದೆ. ಮೂರು ದೀಪದ ಒಂದು ಪರೀಕ್ಷೆಯ ಪ್ಲಗ್ಗನ್ನು ಅಂಗಡಿಯಿಂದ ತಂದಿದ್ದೆ, ಹಾಕಿ ನೋಡಿದೆ. ತಂತಿಗಳೆಲ್ಲ ತಮ್ಮತಮ್ಮ ಜಾಗದಲ್ಲಿವೆ, ಅರ್ತೂ ಸೇರಿದೆ ಎಂದು ತೋರಿಸಿತು.

ಸಂಜೆ ನಮ್ಮವರು ಬಂದಾಗ ಮೇಣ ಕರಗಿತ್ತು. ಸಾಕೆಟ್ ನೋಡಿದರು, ನನ್ನನ್ನು ನೋಡಿದರು, ಏನೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕೈ ಅದ್ದಿದರು. ಅಂದಿನಿಂದ ದಿನಾ ಸಂಜೆ ಅದ್ದುವುದು, ಬಿಳಿಯ ಗವಸಿನ ಹಾಗೆ ಮೇಣ ಕಟ್ಟಿದ ಕೈಯನ್ನು ಟವೆಲ್ಲಿನಲ್ಲಿ ಸುತ್ತಿ ಕೂರುವುದು, ಆಮೇಲೆ ನಾನು ಒಂದೊಂದೇ ಬೆರಳು ಬಿಡಿಸುವುದು ನಡೆಯಿತು. ಹಲ್ಲು ಕಚ್ಚಿ ತಡೆದುಕೊಳ್ಳುತ್ತಿದ್ದರು. ಒಂದು ದಿನ ಹೆಬ್ಬೆರಳು ತೋರುಬೆರಳಿಗೆ ತಾಗಿತು. ಚಿಕ್ಕ ಹುಡುಗನ ಹಾಗೆ ನಕ್ಕು, ಕತ್ತರಿ ತರಿಸಿ ಹಿಡಿದು ನೋಡಿದರು. ಬಿಗಿ ಇರಲಿಲ್ಲ, ಆದರೆ ಬೀಳಲಿಲ್ಲ. ಆ ನಗು ನೋಡಿ ನನಗೂ ಖುಷಿಯಾಯಿತು. ಹಸಿರು ತಂತಿಯ ವಿಷಯವನ್ನು ಬಾಯಿಗೆ ತಂದುಕೊಳ್ಳದೆ ನುಂಗಿದ್ದೆ.

ಹೀಗಿರುವಾಗ ಸೋಮವಾರಪೇಟೆಯಿಂದ ನಮ್ಮವರ ಸೋದರಮಾವ ನೋಡಲು ಬಂದರು. ನಮ್ಮವರು ಮೇಣದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ಮಾವ ಸಾಕೆಟ್ ಯಾರು ಹಾಕಿದ್ದು ಎಂದು ಕೇಳಿದರು.

‘ನಮ್ಮೋಳೇ. ಕರೆಂಟ್ ಹೋದಾಗ ಸದ್ದಿಲ್ದಂಗೆ ಹಾಕ್ಬುಟ್ಲು’ ಎಂದರು ನಮ್ಮವರು. ದನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು. ‘ಈ ಮನೇಲಿ ಇವತ್ತಿನ ತನಕ ಯಾರೂ ಆ ಕಡೆ ಹೋಗಿ ಹಲ್ಲು ಗಿಂಜಿಲ್ಲ ಮಾವ. ಕೈ ಹೋದ್ರೂ ಅದೊಂದು ಉಳಿಸ್ಕೊಂಡಿದೀವಿ.’

ಉಳಿಸಿಕೊಂಡಿದ್ದೀವಂತೆ. ನನ್ನನ್ನೂ ಸೇರಿಸಿಕೊಂಡು.

‘ಕರೆಂಟ್ ಹೋಗಿರಲಿಲ್ಲ’ ಎಂದೆ. ‘ನಾನು ಹೋಗಿ ಭಾವನ ಹತ್ರ ಮೇನ್ ಆಫ್ ಮಾಡಿ ಅಂತ ಕೇಳಿದೆ. ಮಾಡಿದ್ರು. ನೀವು ಬಿಡಿಸಿಟ್ಟಿದ್ರಲ್ಲ ಆ ಅರ್ತಿನ ತಂತಿ, ಅದನ್ನೂ ಸೇರಿಸಿದೀನಿ. ಈಗ ನಿಮ್ ಕೈ ಕಾಯ್ತಿರೋದು ಭಾವನ ಅಂಗಳದ ಅರ್ತು.’

ಮಾವ ಕಾಫಿಯ ಲೋಟವನ್ನು ಕೆಳಗಿಟ್ಟರು. ನಮ್ಮವರು ನನ್ನನ್ನು ನೋಡಲಿಲ್ಲ. ಎಡಗೈಯಲ್ಲಿ ಟವೆಲ್ಲನ್ನು ಬಿಡಿಸಿದರು. ಮೇಣವನ್ನು ಮಣಿಕಟ್ಟಿನ ಕಡೆಯಿಂದ ಸೀಳಿ ಕಿತ್ತು, ಬೆಂಚಿನ ಮೇಲೆ ಹಾಕಿ, ಎದ್ದು ಹೊರಗೆ ಹೋದರು. ಮೇಣ ಇನ್ನೂ ಬೆಚ್ಚಗಿತ್ತು.

ಮತ್ತೆ ಅವರು ಆ ಪೆಟ್ಟಿಗೆಯ ಹತ್ತಿರ ಬರಲಿಲ್ಲ. ಫಿಸಿಯೋಥೆರಪಿಯ ಹುಡುಗಿ ಫೋನಿನಲ್ಲಿ ಬೈದಳು, ಮಾವ ಬುದ್ಧಿ ಹೇಳಿದರು, ನಾನು ಕಾಲು ಹಿಡಿಯುವುದೊಂದು ಬಾಕಿ. ನೀನು ಸುಮ್ಮನಿದ್ದಿದ್ದರೆ ಆ ಕೈ ಉಳಿಯುತ್ತಿತ್ತು ಎಂದು ನೆಂಟರು ನನಗೇ ಹೇಳುತ್ತಾರೆ. ಇರಬಹುದು. ಆ ಸಾಕೆಟ್ ಚಿಟಿಚಿಟಿ ಎನ್ನುತ್ತಿದ್ದಾಗ ನಾನು ಸುಮ್ಮನಿರಲಿಲ್ಲ, ಆಗ ಯಾರು ಕೇಳಿದರು ಎಂದು ನಾನು ತಿರುಗಿ ಕೇಳುತ್ತೇನೆ.

ಈಗ ಕಾಫಿ ಕೊಯ್ಲು ಮುಗಿದಿದೆ. ಕಸಿಯ ಕಾಲ ಬಂದಿದೆ. ಪಕ್ಕದ ಎಸ್ಟೇಟಿನ ರೈಟರು ಈ ಸಲ ಬೇರೆ ಯಾರನ್ನೋ ಕರೆಸಿಕೊಂಡಿದ್ದಾರೆ. ನಮ್ಮವರು ಹಿಂದಿನ ಮೆಟ್ಟಿಲ ಮೇಲೆ ಕೂತು ಎಡಗೈಯಲ್ಲಿ ಕಾಫಿ ಕುಡಿಯುತ್ತಾರೆ. ಬಲಗೈಯ ಬೆರಳುಗಳು ಆ ಮಧ್ಯಾಹ್ನ ತಂತಿ ಹಿಡಿದಿದ್ದ ಹಾಗೆಯೇ ಮಡಚಿ ನಿಂತುಬಿಟ್ಟಿವೆ. ನಾನು ಹಾಕಿದ ಸಾಕೆಟ್ ಚೆನ್ನಾಗಿದೆ.